ಏಳು ದಿನದ ಕಾವು

ಆ ತಪ್ಪು ಮಾಡಿದಾಗ ನನಗೆ ಇಪ್ಪತ್ತೆರಡು. ಐವತ್ತು ವರ್ಷದ ಮೇಲಾಯಿತು. ಮೊನ್ನೆ ಮಧ್ಯಾಹ್ನ ಕರೆಂಟು ಹೋಗಿ, ಮೊಟ್ಟೆ ಮರಿ ಮಾಡಲೆಂದು ಸೊಸೆ ತಂದ ಥರ್ಮಾಕೋಲ್ ಪೆಟ್ಟಿಗೆಯ ಬಲ್ಬು ಆರಿತು. ಬಾತಿನದು, ಕೋಳಿಯದು ಎರಡೂ ಒಟ್ಟಿಗೇ ಇಟ್ಟಿದ್ದಳು. ಇಟ್ಟುಕೊಳ್ಳಲಿ, ಕೋಳಿಯ ಹಾಗೆ ಪೆಟ್ಟಿಗೆ ಎದ್ದು ಹೋಗುವುದಿಲ್ಲ. ಸಂಜೆಯಾದರೂ ಕರೆಂಟಿಲ್ಲ ಎಂದು ಮೊಟ್ಟೆಗಳ ಕಾವಿಗೆ ಬಾಣಲೆಯಲ್ಲಿ ಭತ್ತದ ಉಮಿ ಬಿಸಿ ಮಾಡಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ಬಾರ್ಕೂರಿನ ಆಚೆಮನೆ ದೊಡ್ಡಮ್ಮ ನೆನಪಾದಳು. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ.

ದೊಡ್ಡಮ್ಮ ನನಗೆ ನೆಂಟಳಲ್ಲ. ಬೇಲಿಯಾಚೆ ಒಬ್ಬಳೇ ಇದ್ದವಳು. ಹೊಳೆ ಬದಿಯಲ್ಲಿ ಬಾತುಕೋಳಿ ಸಾಕಿದ್ದಳು. ತವರಿನಿಂದ ತಂದ ಜೋಡಿಯ ಸಂತಾನ ಅದು. ಒಂದೇ ವಾರದಲ್ಲಿ ನೀರುನಾಯಿ ಎಲ್ಲವನ್ನೂ ಮುಗಿಸಿತು. ಉಳಿದದ್ದು ಎಂಟು ಮೊಟ್ಟೆ. ನನ್ನ ಹೇಂಟೆ ಕೋಳಿ ಆಗ ಕಾವಿಗೆ ಕೂತಿತ್ತು. ದೊಡ್ಡಮ್ಮ ಆ ಎಂಟನ್ನೂ ಸೆರಗಿನಲ್ಲಿ ತಂದು ಅದರ ಬುಟ್ಟಿಯಲ್ಲಿಟ್ಟಳು.

"ಕೋಳಿ ಮೊಟ್ಟಿ ಈಗ್ಳೇ ಇಡ್ಬೇಡ ಹೆಣೆ. ಏಳ್ ದಿನ ಕಳ್ದ್ ಇಡ್," ಅಂದಳು.

ಕೋಳಿ ಮೊಟ್ಟೆ ಇಪ್ಪತ್ತೊಂದು ದಿನಕ್ಕೆ ಒಡೆಯುತ್ತದೆ, ಬಾತಿನದಕ್ಕೆ ಇಪ್ಪತ್ತೆಂಟು ಬೇಕು. ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಐದು ಕೋಳಿ ಮೊಟ್ಟೆ ಅಡುಗೆಮನೆಯಲ್ಲಿ ಹಾಳಾಗುತ್ತಿದ್ದವು. ಅವಳು ಬೇಲಿ ದಾಟಿದ್ದೇ ಅವನ್ನೂ ಹೇಂಟೆಯ ಹೊಟ್ಟೆಯಡಿ ತುರುಕಿದೆ. ಕಾವಿಗೆ ಕೂತದ್ದನ್ನು ಕೆದಕಬಾರದೆಂದು ಅವಳು ಮತ್ತೆ ಇಣುಕಲಿಲ್ಲ.

ಇಪ್ಪತ್ತೊಂದನೇ ದಿನ ಐದೂ ಮರಿಯಾದವು. ಮರುದಿನ ಹೇಂಟೆ ಮರಿ ಕಟ್ಟಿಕೊಂಡು ಅಂಗಳಕ್ಕಿಳಿಯಿತು. ಹಿಡಿದು ತಂದು ಕೂರಿಸಿದರೆ ಕೈ ಕುಕ್ಕಿ ಹಾರಿತು. ಬುಟ್ಟಿ ಕವುಚಿದರೆ ಒಳಗೇ ನಿಂತು ಕೂಗಿತು. ಬಾತಿನ ಮೊಟ್ಟೆ ತಣ್ಣಗಾಗುತ್ತಿದ್ದವು. ಅಂಗಳಕ್ಕೆ, ಒಳಗೆ, ಬೇಲಿಗೆ... ಹತ್ತು ಸಲ ಓಡಾಡಿ ಕಡೆಗೆ ಅವಳನ್ನು ಕರೆದೆ.

"ಕೋಳಿ ಮರಿ ಎಲ್ಲಿಂದ ಬಂತ್?"

"ಹೇಂಟೆಯೇ ಮೊಟ್ಟಿ ಇಟ್ಕಂಡಿತ್ತ್ ದೊಡ್ಡಮ್ಮ."

ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲ. ಸಣ್ಣ ಮಕ್ಕಳಿಗೂ ಗೊತ್ತು. ಅವಳು ನನ್ನ ಮುಖ ನೋಡಿದಳು.

"ಜೋರಿತ್ತ್ ಮಾರಾಯ್ತಿ ನಿನ್ ಕೋಳಿ."

ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ಬಿಸಿ ಉಮಿಯಲ್ಲಿ ಮೊಟ್ಟೆ ಹೂತು ಬುಟ್ಟಿಯನ್ನು ತನ್ನ ಒಲೆ ಬದಿ ಇಟ್ಟುಕೊಂಡಳು. ಆರಿದ ಉಮಿ ತೆಗೆದು ಬಿಸಿಯದು ಹಾಕುವುದು, ಬೆಚ್ಚಗಿನ ನೀರು ಚಿಮುಕಿಸುವುದು, ಒಂದೊಂದೇ ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿ ಬಿಸಿ ನೋಡುವುದು. ಏಳು ದಿನ ನೆಲಕ್ಕೆ ಬೆನ್ನು ಹಾಕಲಿಲ್ಲ. ನಾನು ಕೆಲಸ ಬಿಟ್ಟು ಬಿಟ್ಟು ಅಲ್ಲಿಗೆ ಓಡುತ್ತಿದ್ದೆ.

"ನೀ ಸಲ ಸಲ ಬಾಗ್ಲ್ ತೆಗ್ದ್ರೆ ಗಾಳಿ ಬತ್ತ್. ಹೋಯ್ ಗಂಜಿ ಬೇಯ್ಸ್. ತಡ ಆರೆ ನಿನ್ ಗಂಡನೂ ಮೊಟ್ಟಿ ಇಟ್ರೂ ಇಟ್ಟ."

ನಗಲಾಗಲಿಲ್ಲ ನನಗೆ.

ಎಂಟರಲ್ಲಿ ಮೂರು ಒಡೆದವು. ಬೆಳೆದ ಮೇಲೆ ಗೊತ್ತಾಯಿತು, ಮೂರೂ ಗಂಡು. ತವರಿನ ಸಂತಾನ ಅಲ್ಲಿಗೆ ಮುಗಿಯಿತು. ಅವಳು ಮತ್ತೆ ಬಾತು ಸಾಕಲಿಲ್ಲ. ನನ್ನೊಡನೆ ಮಾತು ಬಿಡಲಿಲ್ಲ, ಮೀನುಸಾರು ಕೊಡುವುದನ್ನೂ ನಿಲ್ಲಿಸಲಿಲ್ಲ. ನಿಜ ಹೇಳಲೆಂದು ಎಷ್ಟೋ ಸಲ ಹೋದೆ... ಉಪ್ಪು ಕೇಳಿಕೊಂಡು ಬಂದೆ. ಅವಳು ತೀರಿಹೋಗಿಯೇ ಮೂವತ್ತು ವರ್ಷವಾಯಿತು. ಹೇಳಬೇಕಾದವಳು ಈಗಿಲ್ಲ.

ಮೊನ್ನೆ ನಾನು ಮೊಟ್ಟೆಯನ್ನು ರೆಪ್ಪೆಗೆ ಒತ್ತುವುದನ್ನು ಸೊಸೆ ನೋಡಿದಳು.

"ಇದ್ ಎಲ್ಲಿ ಕಲ್ತದ್ದ್ ಅತ್ತೆ?"

ದೊಡ್ಡಮ್ಮನ ಸಂಗತಿ ಹೇಳಿದೆ. ಹೇಳುತ್ತ ಹೇಳುತ್ತ, ಆ ಕೋಳಿ ಮೊಟ್ಟೆ ಹೇಂಟೆಯೇ ಇಟ್ಟದ್ದು ಎಂದು ಬಾಯಿಂದ ಬಂದೇಬಿಟ್ಟಿತು. ಇಷ್ಟು ವರ್ಷವಾದ ಮೇಲೂ.

ಸೊಸೆ ನಕ್ಕಳು. "ಕಾವಿಗ್ ಕೂತದ್ದ್ ಮೊಟ್ಟಿ ಇಡತ್ತಾ ಅತ್ತೆ?"

ಅಷ್ಟರಲ್ಲಿ ಕರೆಂಟು ಬಂತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ, ಚಾ ಕುಡಿಯುವ ಮೊದಲೇ, ಸೊಸೆಯ ಎದುರು ಹೋಗಿ ನಿಂತೆ. "ಆ ಐದ್ ಕೋಳಿ ಮೊಟ್ಟಿ ತುರ್ಕಿದ್ದ್ ನಾನೇ," ಅಂದೆ.

"ನಂಗ್ ಗೊತ್ತಿತ್ತ್ ಅತ್ತೆ," ಅಂದಳು, ಪೆಟ್ಟಿಗೆಯ ನೀರು ಬದಲಿಸುತ್ತ.