ಹಿಂದಿನಿಂದ ಕೂಗದ ಬೆಳಿಗ್ಗೆ

ನನ್ನ ಗಂಡ ‘ಹೋಗ್ತೀನಿ’ ಅಂದವರೇ ಅಲ್ಲ. ಚಪ್ಪಲಿ ಮೆಟ್ಟುತ್ತಾ ‘ಬಂದೆ’ ಅನ್ನುತ್ತಾರೆ. ಮೂವತ್ತು ವರ್ಷದ ಸಂಸಾರದಲ್ಲಿ ಅದರ ಅಳತೆ ನನಗೆ ಬಾಯಿಪಾಠವಾಗಿದೆ. ಬರೀ ‘ಬಂದೆ’ ಅಂದರೆ ಹಾಲಿನ ಅಂಗಡಿ. ‘ಈಗ ಬಂದೆ’ ಅಂದರೆ ದಾರಿಯಲ್ಲಿ ಯಾರೋ ಮಾತಿಗೆ ಸಿಕ್ಕೇ ಸಿಗುತ್ತಾರೆ, ಅರ್ಧ ಗಂಟೆ. ‘ಎರಡೇ ನಿಮಿಷ, ಬಂದೆ’ ಅಂದರೆ ಮಾಡಿದ ಅಡುಗೆ ಮುಚ್ಚಿಡುವುದೇ ವಾಸಿ.

ಎಲ್ಲಿಗೆ ಎಂದು ಮಾತ್ರ ನಾನು ಕೇಳುತ್ತಿರಲಿಲ್ಲ. ಹೊರಟವರನ್ನು ಎಲ್ಲಿಗೆ ಅನ್ನಬಾರದು, ಹೊಸಿಲು ದಾಟಿದವರನ್ನು ಹಿಂದಿನಿಂದ ಕೂಗಬಾರದು. ಬಾಗಲಕೋಟೆಯ ನಮ್ಮ ಮನೆಯಲ್ಲಿ ಇದನ್ನು ಅವ್ವ ಎರಡನೇ ಸಲ ಹೇಳಬೇಕಾಗಿರಲಿಲ್ಲ. ಮರೆತು ಕೂಗಿದರೆ ಹೊರಟವರು ಒಳಗೆ ಬಂದು, ಕೂತು, ಚೂರು ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದು ಮತ್ತೆ ಹೊರಡಬೇಕು. ಬ್ಯಾಂಕಿನಲ್ಲಿ ಹತ್ತು ಜನರನ್ನು ಗದರಿಸುವ ನಾನು ಈ ವಿಷಯದಲ್ಲಿ ಅವ್ವನ ಮಗಳೇ.

ನನಗೆ ನಾಸಿಕದಿಂದ ಸಂಭಾಜಿನಗರಕ್ಕೆ ವರ್ಗವಾಗಿ ಆಗ ಮೂರು ವಾರ. ನಾಸಿಕದಲ್ಲಿ ಹನ್ನೊಂದು ವರ್ಷ ಇದ್ದೆವು. ಅಲ್ಲಿ ಇವರು ಬೀದಿಯಲ್ಲಿ ಎಡವಿದರೂ ಸಾಕು, ಇಸ್ತ್ರಿಯವನೋ ದ್ರಾಕ್ಷಿ ಮಾರುವವಳೋ ಕೈಹಿಡಿದು ಮನೆಗೆ ತಂದು ಬಿಡುತ್ತಿದ್ದರು. ಇಲ್ಲಿ ನಮ್ಮ ಗುರುತು ಹಿಡಿಯುವವರು ಒಬ್ಬರೂ ಇರಲಿಲ್ಲ. ಇವರಿಗೆ ಸಕ್ಕರೆ ಕಾಯಿಲೆ, ಬೆಳಿಗ್ಗೆ ಇನ್ಸುಲಿನ್. ಚುಚ್ಚಿಕೊಂಡ ಅರ್ಧ ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳಲೇಬೇಕು. ಇಲ್ಲದಿದ್ದರೆ ಬೆವರುತ್ತಾರೆ, ಮಾತು ತೊದಲುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ. ನಾಸಿಕದಲ್ಲಿ ಒಮ್ಮೆ ಕಣ್ಣಾರೆ ಕಂಡಿದ್ದೆ.

ಆ ಭಾನುವಾರ ಮಗಳು ಲ್ಯಾಪ್‌ಟಾಪಿನ ಮುಂದೆ ಕೂತು ಇಂಗ್ಲಿಷ್ ಮಾತಾಡಲು ಕಲಿಸುತ್ತಿದ್ದಳು. ‘ಬಿ ರೈಟ್ ಬ್ಯಾಕ್’ ಅನ್ನುವುದನ್ನು ಎಲ್ಲಿ, ಹೇಗೆಲ್ಲ ಹೇಳಬಹುದು ಅನ್ನುವುದೇ ಅಂದಿನ ಪಾಠ. ಗೆಳೆಯರಿಗೆ ಬರೆಯುವಾಗ ಬರೀ ‘ಬಿಆರ್‌ಬಿ’ ಅನ್ನುವ ಮೂರಕ್ಷರ ಸಾಕು. ಮೀಟಿಂಗಿನಲ್ಲಾದರೆ ‘ಐ ವಿಲ್ ರಿಟರ್ನ್ ಶಾರ್ಟ್‌ಲಿ’, ಮನೆಯವರಿಗೆ ‘ಬ್ಯಾಕ್ ಇನ್ ಎ ಮಿನಿಟ್’, ತಮಾಷೆಗೆ ‘ಬ್ಯಾಕ್ ಇನ್ ಎ ಜಿಫಿ’. ಇವರು ಇನ್ಸುಲಿನ್ ಚುಚ್ಚಿಕೊಂಡು, ಅಂಗಿ ತೊಟ್ಟು, ಅವಳ ಹಿಂದೆ ನಿಂತು ಪರದೆಯೊಳಗಿನ ಮಕ್ಕಳಿಗೆ ಕೈಬೀಸಿ “ಬ್ಯಾಕ್ ಇನ್ ಎ ಜಿಫಿ!” ಅಂದರು. ಮಕ್ಕಳು ನಕ್ಕರು. ಅಡುಗೆಮನೆಯ ಕಡೆ ತಿರುಗಿ ನನಗೆ “ಎರಡೇ ನಿಮಿಷ, ಬಂದೆ” ಅಂದರು. ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಈಚೆ ಬರುವಷ್ಟರಲ್ಲಿ ಹೊಸಿಲು ದಾಟಿ ಮೆಟ್ಟಿಲಿಳಿಯುತ್ತಿದ್ದರು. ಅವರ ಮೊಬೈಲು ಮೇಜಿನ ಮೇಲೆ ಚಾರ್ಜಿಗಿತ್ತು. ಕೂಗಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು ಒಲೆಯ ಹತ್ತಿರ ಹೋದೆ.

ಉಪ್ಪಿಟ್ಟು ಆಯಿತು, ಆರಿತು. ಗೋಡೆಯ ಗಡಿಯಾರದಲ್ಲಿ ನಲವತ್ತು ನಿಮಿಷ ಕಳೆದಿತ್ತು. ಮಗಳು ಪಾಠ ಮುಗಿಸಿ ಹೊರಗೆ ಬಂದಳು. ನಾಸಿಕದಲ್ಲಿ ಓದಿದವಳು, ಅವಳ ಮಾತು ಅರ್ಧ ಮರಾಠಿ.

“ಪಪ್ಪಾ ಕುಠೆ?”

“ಬಂದೆ ಅಂದು ಹೋದ್ರು.”

“ಕುಠೆ ಗೇಲೇ? ಎಲ್ಲಿಗಂತ ನೀ ಕೇಳ್ಲಿಲ್ಲಾ?”

“ಹೊಂಟವ್ರನ್ನ ಎಲ್ಲಿಗೆ ಅಂತ ಹೆಂಗ ಕೇಳ್ಲಿ?”

ಅವಳು ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. ಅವಳು ಉದ್ಯಾನದ ಕಡೆ ಓಡಿದಳು, ನಾನು ಮುಖ್ಯರಸ್ತೆಯ ಕಡೆ.

ಆ ರಸ್ತೆ ಈಗಲೂ ನನ್ನ ಕಣ್ಣಿಗೆ ಕಟ್ಟಿದೆ. ಹಾಲಿನ ಅಂಗಡಿಯಲ್ಲಿ, ಔಷಧಿ ಅಂಗಡಿಯಲ್ಲಿ ನನ್ನ ಹರಕುಮುರುಕು ಮರಾಠಿಯಲ್ಲಿ ವಿಚಾರಿಸಿದೆ. ಅಂಗಿಯ ಬಣ್ಣ ಯಾವುದು ಎಂದು ಕೇಳಿದರೆ ನನಗೆ ನೆನಪೇ ಇಲ್ಲ. ತಿರುಗಿಯಾದರೂ ನೋಡಿದ್ದೆನೇ ಸರಿಯಾಗಿ? ಎಲ್ಲಿ ನಾಲ್ಕು ಜನ ಗುಂಪುಗೂಡಿದ್ದರೂ ನಡುವೆ ತೂರಿ ಇಣುಕುತ್ತಿದ್ದೆ. ತೊದಲುತ್ತಾ ಬಿದ್ದವರನ್ನು ಕಂಡರೆ ಜನ ಏನೆಂದುಕೊಳ್ಳುತ್ತಾರೆ? ಬೆಳಿಗ್ಗೆಯೇ ಕುಡಿದಿದ್ದಾನೆ ಎಂದು ಮೂಗು ಮುಚ್ಚಿಕೊಂಡು ದಾಟಿ ಹೋಗುತ್ತಾರೆ. ಆಂಬುಲೆನ್ಸೊಂದು ಕಿರುಚುತ್ತಾ ಹೋಯಿತು. ಅದರ ಹಿಂದೆ ಸ್ವಲ್ಪ ದೂರ ಓಡಿಯೂ ಓಡಿದೆ. ಹುಚ್ಚಿಯ ಹಾಗೆ ಕಂಡಿರಬೇಕು.

ಮೂಲೆ ತಿರುಗಿದರೆ ಕರಾವಳಿಯವರ ಒಂದು ಸಸ್ಯಾಹಾರಿ ಹೋಟೆಲು. ಗಲ್ಲೆಯಲ್ಲಿದ್ದವರಿಗೆ ಮರಾಠಿಯಲ್ಲಿ ಶುರುಮಾಡಿದವಳು ಗಾಬರಿಯಲ್ಲಿ ಕನ್ನಡಕ್ಕೆ ಹೊರಳಿದೆ. ಅವರು ಎದ್ದು ನಿಂತರು.

“ನಿಮ್ಮ ಯಜಮಾನ್ರಾ ಅಮ್ಮ? ಒಳಗೆ ಕೂರಿಸಿದ್ದೇವೆ, ಹೆದರ್ಬೇಡಿ.”

ಮಗಳಿಗೆ ಇಷ್ಟವೆಂದು ಇವರು ಬಿಸಿ ಬನ್ಸ್ ತರಲು ಹೋಗಿದ್ದರು. ಸಾಲಿನಲ್ಲಿ ನಿಂತಲ್ಲೇ ವಾಲತೊಡಗಿದಾಗ ಅಕ್ಕಪಕ್ಕದವರು ದೂರ ಸರಿದರಂತೆ. ಇವರ ಬಾಯಲ್ಲಿ ‘ಬಂದೆ, ಬಂದೆ’ ಅನ್ನುವ ಕನ್ನಡ ಕೇಳಿ ಹೋಟೆಲಿನವರು ಹತ್ತಿರ ಹೋದರಂತೆ. ಅವರ ತಂದೆಗೂ ಇದೇ ಕಾಯಿಲೆ ಇತ್ತಂತೆ. ಕೂಡಲೇ ಸಕ್ಕರೆ ನೀರು ಕುಡಿಸಿದ್ದರು.

“ಮನೆ ಎಲ್ಲಿ ಕೇಳಿದ್ರೆ ನಾಸಿಕದ ವಿಳಾಸ ಹೇಳ್ತಾರೆ. ಯಾರಿಗೆ ತಿಳಿಸುದು ಅಂತ ಗೊತ್ತಾಗ್ಲಿಲ್ಲ.”

ಇವರು ಒಳಗೆ ಬೆಂಚಿನ ಮೇಲೆ, ತೊಡೆಯ ಮೇಲೆ ಪೊಟ್ಟಣ ಇಟ್ಟುಕೊಂಡು ಕೂತಿದ್ದರು. ಅಂಗಿ ನೀಲಿ ಬಣ್ಣದ್ದು. ನನ್ನನ್ನು ಕಂಡು “ಬರಾಕತ್ತಿದ್ದೆ” ಅಂದರು, ಮೆಲ್ಲಗೆ. ನಾನು ಎಲ್ಲರೆದುರೇ ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಅತ್ತೆ.

ಸಂಜೆ ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿ ಕೈಗೆ ಬಂದಾಗ ಅಲ್ಲೇ ಕೂತುಬಿಟ್ಟೆ. ನಾನು ಕೂಗಿದ್ದರೆ ಏನಾಗುತ್ತಿತ್ತು? ಇವರು ಗೊಣಗುತ್ತಾ ಒಳಗೆ ಬರುತ್ತಿದ್ದರು. ಕೂರುತ್ತಿದ್ದರು. ಬೆಲ್ಲ ತಿನ್ನುತ್ತಿದ್ದರು. ಮೊಬೈಲು ಎತ್ತಿಕೊಳ್ಳುತ್ತಿದ್ದರು. ಅವ್ವ ಕಲಿಸಿದ್ದರಲ್ಲಿ ಬಾಯಿ ಮುಚ್ಚಿಕೊಳ್ಳುವುದೊಂದನ್ನೇ ನಾನು ಪಾಲಿಸಿದ್ದೆ.

ಈಗ ದಿನಾ ಬೇಕೆಂದೇ ಕೂಗುತ್ತೇನೆ. “ಎಲ್ಲಿಗ್ರೀ?” ಇವರು ಹಣೆ ಗಂಟಿಕ್ಕಿ ವಾಪಸು ಬಂದು ಕೂರುತ್ತಾರೆ. ಸಕ್ಕರೆ ಹೆಚ್ಚಾದೀತೆಂದು ಬೆಲ್ಲ ತಿನ್ನಿಸುವುದಿಲ್ಲ, ಒಂದು ಚೂರು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕುತ್ತೇನೆ. ಎಲ್ಲಿಗೆಂದು ಹೇಳಿ, ನೀರು ಕುಡಿದು ಹೊರಡುತ್ತಾರೆ. ಗೇಟಿನ ಹತ್ತಿರ ಮತ್ತೆ “ಬಂದೆ” ಅನ್ನುತ್ತಾರೆ. ನಾನು ಇನ್ನೊಮ್ಮೆ ಕೂಗುತ್ತೇನೆ. ತಿರುಗಿ ನೋಡುತ್ತಾರಲ್ಲ, ಅಷ್ಟು ಹೊತ್ತು ನನಗೆ ಭಯವಿರುವುದಿಲ್ಲ.