ಪುಣಜನೂರಿನಲ್ಲಿ ಆಂಟೆನಾ ಮುಟ್ಟಿ ತೋರಿಸಿದ್ದು

ಗೆಳೆಯರೇ, ಜೈಲು ತಪ್ಪಿತು. ನಾಳೆ ಒಮಾನಿಗೆ ಹೊರಟಿದ್ದೇನೆ. ಕರಿಕಲ್ಲಿನ ಪಾಲಿಶ್ ಮೆಷಿನ್ ಕೂರಿಸುವ ಕೆಲಸ. ಜೊತೆಗೆ ದೇಶದೇಶದವರೊಡನೆ ಮಾತಾಡುವ ನನ್ನ ಪುಟ್ಟ ಹ್ಯಾಮ್ ರೇಡಿಯೋ. ಅದನ್ನು ಪರೀಕ್ಷಿಸಲು ಇವತ್ತು ಪುಣಜನೂರಿನಲ್ಲಿ ಮಾವನ ಹೊಲದ ಮರಗಳಿಗೆ ಆಂಟೆನಾ ತಂತಿ ಕಟ್ಟಿದ್ದೆ.

ಫಾರೆಸ್ಟ್ ಗಾರ್ಡ್ ಓಡಿಬಂದರು. “ಕಾಡಂದಿಗೆ ಕರೆಂಟ್ ಮಡಗಿದ್ದೀಯೇನ್ಲಾ?”

“ಇಲ್ಲ ಸಾ, ರೇಡಿಯೋ ತಂತಿ. ಈಗ್ತಾನೆ ಕೊಲಂಬೋದವ್ರು ಸಿಕ್ಕಿದ್ರು.”

“ಅಂಗಾರೆ ಮುಟ್ಟು, ನೋಡನ.”

ಎರಡೂ ಕೈಯಲ್ಲಿ ಹಿಡಿದು ನಿಂತೆ.

“ಆಫ್ ಮಾಡ್ಬುಟ್ಟು ಮುಟ್ತಿದ್ದೀಯ!” ಎಂದವರೇ ಜೀಪು ಕರೆಸಲು ವಾಕಿಟಾಕಿಯಲ್ಲಿ ಚೆಕ್‌ಪೋಸ್ಟನ್ನು ಕೂಗಿದರು, ಕೂಗಿದರು, ಸುಸ್ತಾದರು.

“ನಿಂಗೆ ಕೊಲಂಬೋ ಸಿಕ್ತದೆ, ನಂಗೆ ಚೆಕ್‌ಪೋಸ್ಟೇ ಸಿಕ್ತಿಲ್ಲ. ಬಿಚ್ಕಂಡು ಓಗ್ಲಾ!”

ಯಾರೋ ಸಿಗಲಿಲ್ಲವೆಂದು ಹ್ಯಾಮ್ ರೇಡಿಯೋದವನೊಬ್ಬ ಖುಷಿಪಟ್ಟದ್ದು ಇದೇ ಮೊದಲಿರಬೇಕು.