ಪಿ.ಟಿ. ಟೀಚರ್ ಜೋರಾಗಿ ಹೇಳಿದ ಹೆಸರು

ಟೀಚರ ಎದೆಯ ಎಡಭಾಗ ಚಪ್ಪಟೆಯಾಗಿತ್ತು. ಆಪರೇಷನ್ ಆದ ಮೇಲೆ ರವಿಕೆಯೊಳಗೆ ಹತ್ತಿ ಇಟ್ಟುಕೊಳ್ಳಿ ಎಂದು ಮನೆಯವರು ಎಷ್ಟು ಹೇಳಿದರೂ ಕೇಳಲಿಲ್ಲ. ಸೆರಗನ್ನು ಸಣ್ಣ ನೆರಿಗೆ ಹಿಡಿದು ಪಿನ್ ಹಾಕಿ, ರವೀಂದ್ರನಗರದ ನಮ್ಮ ರಸ್ತೆಯಲ್ಲಿ ಬಿರಬಿರನೆ ನಡೆಯುತ್ತಿದ್ದರು. ಎದುರು ಬಂದ ಹೆಂಗಸರು ಮೊದಲು ಅಲ್ಲಿಗೆ ಕಣ್ಣು ಹಾಯಿಸಿ, ಆಮೇಲೆ ಮುಖ ನೋಡಿ, "ತಿಂಡಿ ಆಯ್ತಾ ಟೀಚರ್?" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ದುರ್ಗಿಗುಡಿಯ ಹುಡುಗಿಯರ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿ ನಿವೃತ್ತರಾದವರು; ನಮ್ಮ ಪಕ್ಕದ ಮನೆ. ಮೈದಾನದಲ್ಲಿ ಕೂಗಿ ಕೂಗಿ ಪಳಗಿದ ಗಂಟಲು. ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತಿತ್ತು. ನಮ್ಮ ಬೀದಿಯವರು ಕ್ಯಾನ್ಸರ್ ಎನ್ನುವುದಿಲ್ಲ, "ಆ ಕಾಯಿಲೆ" ಎಂದು ಪಿಸುಗುಡುತ್ತಾರೆ. ಟೀಚರ್ ಮಾತ್ರ ಹಾಜರಿ ಕರೆಯುವ ದನಿಯಲ್ಲಿ ಅದರ ಹೆಸರು ಹೇಳುತ್ತಿದ್ದರು. ಭಾನುವಾರ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ, ಕಾರ್ಖಾನೆ ಕಡೆಯ ವಠಾರಗಳಲ್ಲಿ ಹೆಂಗಸರನ್ನು ಸೇರಿಸಿ, ಡ್ರಿಲ್ ಮಾಡಿಸುವಂತೆ ಕೈ ಎತ್ತಿಸುತ್ತಿದ್ದರು.

"ಸ್ನಾನ ಮಾಡುವಾಗ ಸೋಪಿನ ಕೈಯಲ್ಲೇ ಮುಟ್ಟಿ ನೋಡ್ಕೊಳ್ಳಿ, ಕಂಕುಳವರೆಗೂ. ಗಂಟು ಸಿಕ್ಕಿದ್ರೆ ನೋವಿಲ್ಲ ಅಂತ ಸುಮ್ನೆ ಕೂರಬೇಡ್ರಮ್ಮ, ಡಾಕ್ಟ್ರಿಗೆ ತೋರಿಸಿ. ನಂಗೂ ನೋವಿರ್ಲಿಲ್ಲ. ಅದಕ್ಕೇ ತಡ ಮಾಡ್ಬಿಟ್ಟೆ."

ಕನ್ನಡ ಬಾರದವರಿಗೆ ಪಕ್ಕದವರು ತಮಿಳಿನಲ್ಲೋ ತೆಲುಗಿನಲ್ಲೋ ಬಿಡಿಸಿ ಹೇಳುತ್ತಿದ್ದರು. ಅಲ್ಲಿ ಚಾಪೆ ಹಾಸಿ, ಟೀ ಕೊಟ್ಟು ಕಳಿಸುತ್ತಿದ್ದರು. ನಮ್ಮ ಬೀದಿಯ ಮರ್ಯಾದೆಯೇ ಬೇರೆ. ಒಮ್ಮೆ ಅರಿಶಿನ ಕುಂಕುಮಕ್ಕೆ ಕರೆದ ಮನೆಯೊಂದರಲ್ಲಿ ಎಲ್ಲರಿಗೂ ಬೆಳ್ಳಿ ಲೋಟದಲ್ಲಿ ಹಾಲು ಕೊಟ್ಟರು. ಟೀಚರಿಗೆ ಮಾತ್ರ ಪೇಪರ್ ಕಪ್ಪು.

"ಕ್ಯಾನ್ಸರ್ ಅಂಟೋ ಕಾಯಿಲೆ ಅಲ್ಲ ಕಣ್ರೀ. ಲೋಟದಲ್ಲೇ ಕೊಡಿ" ಎಂದರು ಟೀಚರ್.

"ಶುಭದ ದಿನ ಅದರ ಹೆಸರೆತ್ತಬೇಡಿ" ಎಂದಳು ಮನೆಯೊಡತಿ. ಎರಡು ಡಿಗ್ರಿ ಮಾಡಿದ ಹೆಂಗಸು! ಮುಂದಿನ ವರ್ಷ ಟೀಚರನ್ನು ಕರೆಯಲೇ ಇಲ್ಲ. ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಆ ಸೋಪಿನ ಮಾತು ಕಿವಿಯಲ್ಲಿದ್ದುದರಿಂದಲೇ ನನ್ನ ಗಂಟು ನನಗೆ ಬೇಗ ಸಿಕ್ಕಿತು. ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಟೀಚರೇ. ನಮ್ಮತ್ತೆ ಊರಿಗೆಲ್ಲ ಗರ್ಭಕೋಶದ ಆಪರೇಷನ್ ಎಂದು ಸಾರಿದರು. ನಾನು ಬದುಕಿದೆ.

ಇಂಥವರ ಬಾಯನ್ನು ಸ್ವಂತ ಮಗನೇ ಕಟ್ಟಿಹಾಕಿದ್ದ. ಅವನ ಸಂಸಾರ ಸವಳಂಗ ರಸ್ತೆಯಲ್ಲಿ. ತನ್ನ ಮಗಳ ಮುಂದೆ ಆ ಮಾತೆತ್ತಿದರೆ ಅವಳನ್ನು ಇತ್ತ ಕಳಿಸುವುದೇ ಇಲ್ಲ ಎಂದಿದ್ದ. ಮನೆತನದಲ್ಲಿ ಇಂಥದ್ದಿದೆ ಎಂದು ತಿಳಿದರೆ ಗಂಡು ಸಿಗುವುದಿಲ್ಲವಂತೆ.

"ಇಡೀ ಭದ್ರಾವತಿಗೆ ಹೇಳ್ತೀನಿ ಮಾರಾಯ್ತಿ, ನನ್ನ ಮೊಮ್ಮಗಳಿಗೆ ಹೇಳೋ ಹಾಗಿಲ್ಲ" ಎನ್ನುವಾಗ ಮಾತ್ರ ಅವರ ದನಿ ಇಳಿಯುತ್ತಿತ್ತು.

ಕಾಯಿಲೆ ಮತ್ತೆ ಮರಳಿ ಮೂಳೆಗೆ ಇಳಿದು, ಹೋದ ವರ್ಷ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಹಾರ ಹಾಕಿದ್ದು ಆಪರೇಷನ್ನಿಗೆ ಮುಂಚಿನ ಫೋಟೋಕ್ಕೆ. ಪಂಕ್ತಿಯಲ್ಲಿ ಯಾರೋ ಏನಾಗಿತ್ತು ಎಂದು ಕೇಳಿದರು. "ಹಾರ್ಟು" ಎಂದ ಮಗ, ಪಾಯಸ ಬಡಿಸುತ್ತ.

"ಕ್ಯಾನ್ಸರ್" ಎಂದೆ. "ಅವರಿಗೂ ಕ್ಯಾನ್ಸರೇ, ನನಗೂ ಕ್ಯಾನ್ಸರೇ."

ಮಗ ನನ್ನನ್ನು ಸುಡುವಂತೆ ನೋಡಿದ. ಎಲೆ ಮಡಚಿ ಎದ್ದು ಕೈ ತೊಳೆಯಲು ಹೋದರೆ, ಮೊಮ್ಮಗಳು ಹಿಂದೆಯೇ ಬಂದು ನಲ್ಲಿಯ ಹತ್ತಿರ ನಿಂತಳು.

"ಆಂಟಿ, ಅಜ್ಜಿ ಭದ್ರಾವತೀಲಿ ಎಲ್ಲರಿಗೂ ಏನ್ ಹೇಳಿಕೊಡ್ತಿದ್ರು? ನಂಗೂ ಹೇಳ್ತೀರಾ?"

"ಕೈ ಎತ್ತು" ಎಂದೆ, ಮೂರು ಮನೆಗೆ ಕೇಳುವಷ್ಟು ಜೋರಾಗಿ.